ಬಯಸಿದ ಬೈಕು, ಉಳಿದ ಸರದಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಮೇಲಿನ ನಮ್ಮ ಆಸೆಗೆ ಬೀಗ ಬೀಳಲಿಲ್ಲ. 2022ರಲ್ಲಿ ಆ ಹೆಸರು ಮರಳಿ ಬಂದಾಗ ಗೊಬ್ಬೂರಿನ ನಮ್ಮಲ್ಲೂ ಆಸೆ ಚಿಗುರಿತು. ತೊಗರಿ ಬಿತ್ತನೆಯ ಸಾಲ ತೀರಿಸಿ, ಮಕ್ಕಳ ಓದು ಮುಗಿಸಿ, ಕೊನೆಗೂ ದೂರ ಪ್ರಯಾಣದ ಬೈಕು ಕೊಂಡೆವು.

ಇದು ದುಂದುಗಾರಿಕೆಯೇ? ಅಗತ್ಯವಲ್ಲದ್ದೆಲ್ಲ ದುಂದಲ್ಲ, ಇನ್ನೊಬ್ಬರ ಹಕ್ಕನ್ನು ಕಸಿದು ಪಡೆದದ್ದು ದುಂದು. ಆದರೆ ಹಕ್ಕು ಅನ್ನ, ಬಟ್ಟೆ, ಶಾಲೆಯ ಫೀಸಿಗೆ ಮುಗಿಯುತ್ತದೆಯೇ? ಆಸೆಪಡುವುದೂ ಹಕ್ಕೇ. ಯಜಮಾನನ ಆಸೆಗಾಗಿ ಇಡೀ ಮನೆ ಕಾಯುವುದಾದರೆ, ಮನೆಯಾಕೆಯ ಆಸೆಗೂ ಸರದಿ ಬೇಡವೇ? ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೇನವಾಜರ ದರ್ಗಾಕ್ಕೋ ಗಾಣಗಾಪುರಕ್ಕೋ ಕರೆದೊಯ್ದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗದು. ಎಲ್ಲಿಗೆ ಹೋಗಬೇಕೆಂಬುದನ್ನು ಆಕೆಯೇ ಹೇಳಬೇಕು.