ಮುಗಿಸದೆ ಹೋದವರ ಋಣ



ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟಬೇಕೆ, ಬೇಡವೆ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಯಾವ ಧರ್ಮಕೇಂದ್ರದಲ್ಲಾದರೂ ಇಂದಲ್ಲ ನಾಳೆ ಏಳಬಹುದಾದ ಪ್ರಶ್ನೆಯಿದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ಊರುಗಳ ಮುಖವೇ ಬದಲಾಗಿದೆ. ರಾಗಿ ಹೊಲ, ದ್ರಾಕ್ಷಿ ತೋಟಗಳಿದ್ದ ಕಡೆ ಬಡಾವಣೆಗಳೆದ್ದಿವೆ. ಭಾನುವಾರದ ಬಲಿಪೂಜೆಗೆ ಬಂದವರು ಜಾಗ ಸಾಲದೆ ಬಾಗಿಲಾಚೆ ನಿಲ್ಲಬೇಕಾದಾಗ "ದೊಡ್ಡದಾಗಿ ಕಟ್ಟೋಣ" ಎಂದು ಯುವಕರು ಹೇಳುವುದು ಸಹಜ. "ನಮ್ಮಪ್ಪ ಕಲ್ಲು ಹೊತ್ತ ಗುಡಿಯಿದು, ಕೆಡವಬೇಡಿ" ಎಂದು ಹಿರಿಯರು ಕಣ್ಣೀರಿಡುವುದೂ ಅಷ್ಟೇ ಸಹಜ. ಇಬ್ಬರಲ್ಲಿ ಯಾರು ಸರಿ? ನಮಗಿಂತ ಮೊದಲಿದ್ದವರಿಗೂ ನಮ್ಮ ನಂತರ ಬರುವವರಿಗೂ ನಾವು ಸಲ್ಲಿಸಬೇಕಾದುದೇನು ಎಂಬ ಧರ್ಮಸೂಕ್ಷ್ಮ ಇದರಲ್ಲಿದೆ.

ಈ ಸಂಕಟ ಹೊಸದಲ್ಲ. ಬಾಬಿಲೋನಿನ ಸೆರೆಯಿಂದ ಮರಳಿದ ಇಸ್ರಯೇಲರು ಜೆರುಸಲೇಮಿನಲ್ಲಿ ಎರಡನೆಯ ದೇವಾಲಯಕ್ಕೆ ಅಸ್ತಿವಾರ ಹಾಕಿದಾಗ ನಡೆದುದನ್ನು ಎಜ್ರನ ಗ್ರಂಥದ 3ನೆಯ ಅಧ್ಯಾಯ ತಿಳಿಸುತ್ತದೆ. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು; ಉಳಿದವರು ಹರ್ಷದಿಂದ ಕೂಗಿದರು. ಅಳು ಯಾವುದು, ಹರ್ಷ ಯಾವುದು ಎಂದು ದೂರದಲ್ಲಿ ಕೇಳಿದವರಿಗೆ ಗೊತ್ತಾಗಲಿಲ್ಲ. ಪವಿತ್ರ ಗ್ರಂಥ ಅತ್ತವರನ್ನೂ ಗದರಿಸುವುದಿಲ್ಲ, ಹರ್ಷಿಸಿದವರನ್ನೂ ಗದರಿಸುವುದಿಲ್ಲ. ಎರಡಕ್ಕೂ ಅಲ್ಲಿ ಸ್ಥಳವಿದೆ.

ನಮ್ಮ ನಾಡಿಗೆ ಅನೇಕ ಗುರುಗಳನ್ನು ಕಳುಹಿಸಿದ ಫ್ರಾನ್ಸ್ ದೇಶದ ಹಳೆಯ ದೇವಾಲಯಗಳು ಈ ವಿಷಯದಲ್ಲಿ ಒಂದು ಪಾಠ ಹೇಳುತ್ತವೆ. ಅಲ್ಲಿನ ಮಧ್ಯಯುಗದ ಧರ್ಮಕೇಂದ್ರಗಳ ದೇವಾಲಯಗಳಲ್ಲಿ ಒಂದೇ ಸಲಕ್ಕೆ ಕಟ್ಟಿ ಮುಗಿಸಿದವು ವಿರಳ. ಯಾವ ಭಾಗ ಯಾವ ಕಾಲದ್ದೆಂದು ತಿಳಿಯಲು ಪಂಡಿತರು ಗೋಡೆಗಳನ್ನೇ ಓದುತ್ತಾರೆ. ಅದೇನೂ ನಮಗೆ ಅರಿಯದ ವಿದ್ಯೆಯಲ್ಲ. ಹಳೆಯ ಮನೆಯೊಂದರ ಮುಂದೆ ನಿಂತರೆ ಮಣ್ಣಿನ ಗೋಡೆ ಅಜ್ಜನ ಕಾಲದ್ದು, ಗಾರೆಯದು ಅಪ್ಪನದು, ಸಿಮೆಂಟಿನದು ಮಗನದು ಎಂದು ನಮ್ಮೂರಿನ ಯಾವ ಗಾರೆ ಕೆಲಸದವನಾದರೂ ಹೇಳಬಲ್ಲ. ಹಾಗೆಯೇ ಅಲ್ಲಿ ಅರ್ಧವೃತ್ತದ ಕಮಾನು ಸಾಮಾನ್ಯವಾಗಿ ಹಳೆಯದು, ಚೂಪು ತುದಿಯ ಕಮಾನು ನಂತರದ್ದು. ಎರಡು ಗೋಡೆಗಳ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳದೆ ನೆಟ್ಟಗಿನ ಗೆರೆಯಾಗಿ ನಿಂತಿದ್ದರೆ ಅಲ್ಲಿ ಕೆಲಸ ನಿಂತು, ಮತ್ತೆ ಮುಂದುವರಿದಿದೆ ಎಂದರ್ಥ. ಚಾವಣಿಯ ತೊಲೆಗಳಲ್ಲಿರುವ ವರ್ಷದ ಉಂಗುರಗಳನ್ನು ಎಣಿಸಿ ಹೋಲಿಸಿದರೆ ಮರ ಕಡಿದ ಕಾಲವೂ ಸಿಗುತ್ತದೆ.

ಪ್ಯಾರಿಸಿನಲ್ಲಿ ಲೂವ್ರ್ ಅರಮನೆಯ ಎದುರಿಗಿರುವ ಸಾಂ ಜೆರ್ಮೆಂ ಲೋಸೆರ್ವಾ ಎಂಬ ಧರ್ಮಕೇಂದ್ರದ ದೇವಾಲಯವನ್ನೇ ನೋಡಿ. ಗಂಟೆ ಗೋಪುರ 12ನೆಯ ಶತಮಾನದ್ದು, ಬಲಿಪೀಠದ ಭಾಗ 13ನೆಯ ಶತಮಾನದ್ದು, ಮುಖಮಂಟಪ 15ನೆಯ ಶತಮಾನದ್ದು. ಗೋಪುರ ಕಟ್ಟಿದವನು ಮಂಟಪವನ್ನು ಕಾಣಲಿಲ್ಲ. ಮಂಟಪ ಕಟ್ಟಿದವನು ಗೋಪುರವನ್ನು ಹಳೆಯ ಕಾಲದ್ದೆಂದು ಕೆಡವಲಿಲ್ಲ. ನಡುವೆ 1348ರ ಮಹಾಮಾರಿ ಬಂತು. 1337ರಿಂದ 1453ರವರೆಗೆ ಇಂಗ್ಲೆಂಡಿನೊಡನೆ ಯುದ್ಧ ನಡೆಯಿತು. ಫ್ರಾನ್ಸಿನ ಎಷ್ಟೋ ಊರುಗಳಲ್ಲಿ ಅರ್ಧಕ್ಕೆ ನಿಂತ ಗೋಡೆಯ ಪಕ್ಕದಲ್ಲೇ ತಲೆಮಾರುಗಳು ಬಲಿಪೂಜೆ ಅರ್ಪಿಸಿದವು. ಆಮೇಲೆ ಬಂದವರು ನಿಂತಲ್ಲಿಂದ ಕೆಲಸ ಎತ್ತಿಕೊಂಡರು. ಕಲ್ಲುಕುಟಿಗರು ಎಷ್ಟೋ ಕಡೆ ಹೆಸರು ಕೆತ್ತದೆ ಬರೀ ಒಂದು ಸಣ್ಣ ಗುರುತನ್ನಷ್ಟೇ ಬಿಟ್ಟು ಹೋಗಿದ್ದಾರೆ.

ಅಲ್ಲಿಯೂ ಎಲ್ಲರೂ ವಿನಯಶೀಲರೇ ಆಗಿರಲಿಲ್ಲ. ಬೋವೆ ಎಂಬ ನಗರದವರು 1225ರಲ್ಲಿ ಪ್ರಧಾನ ದೇವಾಲಯವನ್ನು ಎಲ್ಲಕ್ಕಿಂತ ಎತ್ತರವಾಗಿ ಕಟ್ಟಲು ಹೊರಟರು. 1284ರಲ್ಲಿ ಅದರ ಕಲ್ಲಿನ ಚಾವಣಿ ಕುಸಿಯಿತು. ಕಷ್ಟಪಟ್ಟು ಸರಿಪಡಿಸಿದ ನಂತರ ಬಂದವರು ಸುಮಾರು 150 ಮೀಟರು ಎತ್ತರದ ಗೋಪುರವನ್ನು ಅದರ ಮೇಲೇರಿಸಿದರು. 1573ರಲ್ಲಿ, ಪ್ರಭುವಿನ ಸ್ವರ್ಗಾರೋಹಣದ ಹಬ್ಬದ ದಿನವೇ, ಅದೂ ಬಿತ್ತು. ಭಕ್ತರು ನೆರೆಯುವ ಭಾಗವನ್ನು ಕಟ್ಟಲು ಅವರಿಗೆ ಕಡೆಗೂ ಆಗಲಿಲ್ಲ. ಆ ಜಾಗಕ್ಕಾಗಿ ಕೆಡವಬೇಕೆಂದಿದ್ದ 10ನೆಯ ಶತಮಾನದ ಸಣ್ಣ ದೇವಾಲಯದ ಒಂದು ಭಾಗ ಇಂದಿಗೂ ಅಲ್ಲೇ ನಿಂತಿದೆ! ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಸಾಮತಿಯನ್ನು (ಲೂಕ 14) ನೆನೆಯದೆ ಆ ಊರನ್ನು ನೋಡಲಾಗದು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಹಳ್ಳಿಗಳ ಜನರೂ ಹರಕೆ ಹೊತ್ತು ಹೋಗುವ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕವೂ ಹಂತ ಹಂತವಾಗಿ ಬೆಳೆದದ್ದೇ. ಫ್ರೆಂಚ್ ಗುರು ಅಬ್ಬೆ ದುಬೋಯ್ 1803ರಲ್ಲಿ ಅಲ್ಲಿ ಕಟ್ಟಿಸಿದ್ದು ಹುಲ್ಲುಚಾವಣಿಯ ಒಂದು ಗುಡಿ. ಕಾಣಿಕೆ ಮಾತೆಯ ಗುಡಿಯೆಂದು ಅದರ ಹೆಸರು. ಮುಂದೆ ಪುದುಚೇರಿಯಿಂದ ಬಂದ ಭಾರತೀಯ ಗುರು ಪೂಜ್ಯ ಆಂಡ್ರಿಯಾಸ್ ಅದನ್ನು ಶಿಲುಬೆಯ ಆಕಾರಕ್ಕೆ ವಿಸ್ತರಿಸಿದರು. 1875ರಲ್ಲಿ ಪೂಜ್ಯ ಕ್ಲೈನರ್ ಈಗಿನ ಗೋಥಿಕ್ ಶೈಲಿಯ ದೇವಾಲಯವನ್ನು ಆರಂಭಿಸಿದರು. 1882ರ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನನೋತ್ಸವದ ದಿನ, ಅದು ಪ್ರತಿಷ್ಠೆಗೊಂಡಿತು. ಹುಲ್ಲಿನ ಗುಡಿ ಇಂದು ಇಲ್ಲ. ಆದರೆ ಅಲ್ಲಿ ಆರಂಭವಾದ ಪ್ರಾರ್ಥನೆ ನಿಲ್ಲಲಿಲ್ಲ. ಫ್ರಾನ್ಸಿನ ಮಾದರಿಯ ಕಮಾನುಗಳ ನಡುವೆ ನಮ್ಮ ತಾಯಿ ಸೀರೆಯುಟ್ಟೇ ನಿಂತಿದ್ದಾಳೆ.

ಈ ಎರಡು ಬಗೆಯನ್ನೂ ನೋಡಿದ ಮೇಲೆ ನನಗೆ ತೋಚುವುದಿಷ್ಟು. ಹೊಸದನ್ನು ಕಟ್ಟುವ ಹಕ್ಕು ನಮಗುಂಟು. ನಮ್ಮ ಹಿರಿಯರೂ ತಮ್ಮ ಹಿರಿಯರ ಗುಡಿಸಲನ್ನು ಬದಲಿಸಿದವರೇ. ಆದರೆ ನಮ್ಮಿಂದಲೇ ಎಲ್ಲವೂ ಆರಂಭವಾಯಿತೆಂಬಂತೆ ಕಟ್ಟುವ ಹಕ್ಕು ನಮಗಿಲ್ಲ. ನಾನು ನೆಟ್ಟೆ, ಅಪೊಲೋಸನು ನೀರೆರೆದನು, ಬೆಳೆಸಿದವರು ದೇವರು ಎಂಬ ಅರ್ಥದ ಮಾತನ್ನು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇಂಥ ಗರ್ವಕ್ಕೆ ಮದ್ದಾಗಿಯೇ.

ಆದ್ದರಿಂದ ಕೆಡವುವ ಮುನ್ನ, ದುರಸ್ತಿಯಿಂದ ಉಳಿಯಬಹುದೇ ಎಂದು ಬಲ್ಲವರನ್ನು ಕೇಳಬೇಕು. ಉಳಿಯದೆಂದಾದರೆ ಗಂಟೆಯನ್ನೋ, ಶಂಕುಸ್ಥಾಪನೆಯ ಕಲ್ಲನ್ನೋ, ಬಲಿಪೀಠದ ಚಪ್ಪಡಿಯನ್ನೋ ಹೊಸದರಲ್ಲಿ ಸೇರಿಸಿಕೊಳ್ಳಬೇಕು. ಫೋಟೋ ತೆಗೆದಿಡಬೇಕು; ಹಿರಿಯರು ಹೇಳುವುದನ್ನು ಬರೆದಿಡಬೇಕು; ಜ್ಞಾನಸ್ನಾನದ ಹಳೆಯ ಪುಸ್ತಕಗಳನ್ನು ಗೆದ್ದಲಿಗೆ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕೂಲಿ ಮಾಡಿ ಬದುಕುವ ಕುಟುಂಬಕ್ಕೆ ವಂತಿಗೆಯ ಹೆಸರಿನಲ್ಲಿ ಸಾಲ ಹೊರಿಸಬಾರದು. ಅಷ್ಟೊಂದು ಹಣ ಇಂದು ಇಲ್ಲವೇ? ಒಂದು ಭಾಗ ಕಟ್ಟಿ ನಿಲ್ಲಿಸೋಣ. ಉಳಿದದ್ದನ್ನು ಮಕ್ಕಳು ಮುಂದುವರಿಸಲಿ. ಅರ್ಧಕ್ಕೆ ನಿಲ್ಲಿಸಿದ ಪ್ರಾಮಾಣಿಕ ಕೆಲಸದಲ್ಲಿ ಅವಮಾನವಿಲ್ಲ. ಅರಸ ದಾವೀದ ದೇವಾಲಯಕ್ಕೆಂದು ಕಲ್ಲು, ಮರ, ಕಬ್ಬಿಣವನ್ನು ಕೂಡಿಸಿಟ್ಟ. ಕಟ್ಟುವ ಭಾಗ್ಯ ಸೊಲೊಮೋನನಿಗೆ ಬಂತು.

ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಆರ್‌ಸಿಸಿ ಮನೆ ಎದ್ದ ಮೇಲೆ, ಹೆಂಚಿನ ಮನೆ ಕಟ್ಟಿ ನಮ್ಮನ್ನು ಸಾಕಿದ ತಂದೆತಾಯಿಗೆ ಹಿಂದಿನ ಕೋಣೆಯೊಂದೇ ಗತಿಯಾದರೆ, ಆ ಮನೆಯ ಹೊಸ ಗೋಡೆಗೆ ಹಳೆಯದರೊಡನೆ ಬೆಸುಗೆಯೇ ಇಲ್ಲವೆಂದಾಯಿತು. ಅವರ ಪ್ರಾರ್ಥನೆಯನ್ನೂ ಬುದ್ಧಿಮಾತನ್ನೂ ನಮ್ಮ ಮಕ್ಕಳು ಕೇಳುವಂತಿದ್ದರೆ ಮಾತ್ರ ಕಲ್ಲು ಕಲ್ಲಿಗೆ ಹೆಣೆದುಕೊಳ್ಳುತ್ತದೆ. ನಾವೆಲ್ಲರೂ ಜೀವಂತ ಕಲ್ಲುಗಳು ಎಂದು ಸಂತ ಪೇತ್ರರು ಕಲಿಸಲಿಲ್ಲವೆ?

ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಕ್ಕಳ ಕೈಹಿಡಿದು ದೇವಾಲಯವನ್ನೊಮ್ಮೆ ಸುತ್ತಿ ಬನ್ನಿ. ಯಾವ ಗೋಡೆ ಮೊದಲಿನದು, ಯಾವುದು ಆಮೇಲಿನದು, ಕಲ್ಲು ಹೊತ್ತವರು ಯಾರೆಂದು ಊರಿನ ಹಿರಿಯರನ್ನು ಕೇಳಿ. ಆ ಹೆಸರುಗಳಿಗಾಗಿ ಒಂದು ಪರಲೋಕ ಮಂತ್ರ ಹೇಳಿ ಮನೆಗೆ ಹೋಗಿ.