ಈ ಕಾಡು ಯಾರ್ದು?

ಮಗಳನ್ನು ಕೋತಗಿರಿ ಕಡೆ ಕೊಟ್ಟಿದ್ದೀನಿ. ಹೋದ ವರ್ಷ ಅರಿಶಿನದ ಕೆಲಸ ಮುಗಿಸಿ ನಾನೂ ಹೆಂಡತಿಯೂ ತಾಳವಾಡಿಯಿಂದ ಹೊರಟೊ. ದಿಂಬಂ ಘಾಟಿಯ 27 ತಿರುವು ಇಳಿದು, ಮೆಟ್ಟುಪಾಳ್ಯದಿಂದ ಮತ್ತೆ ಬೆಟ್ಟ ಹತ್ತೋ ಹೊತ್ತಿಗೆ ಅವಳು ಅರ್ಧ ಜೀವ ಆಗಿದ್ಲು. ಮಾರನೇ ದಿನ ಅಳಿಯ, "ಹತ್ತಿರದಲ್ಲೇ ಶೋಲಾ ಕಾಡದೆ, ಸಣ್ಣ ನಡಿಗೆ, ಮಂಡಿ ನೋವಿನವರೂ ನಡೀಬಹುದು" ಅಂದ. ಮೊಮ್ಮಗನೂ ಸೇರಿ ಐದು ಜನ ಹೋದೊ.

ಅದರ ಹೆಸರು ಲಾಂಗ್‌ವುಡ್ ಶೋಲಾ. 116 ಹೆಕ್ಟೇರ್, ಅಂದ್ರೆ 280 ಎಕರೆಗೆ ಮೇಲೆ. ಹೊರಗೆ ಟೀ ತೋಟ, ಬಿಸಿಲು. ಒಳಗೆ ಕಾಲಿಟ್ರೆ ಹಳೇ ಗುಡಿಯ ಗರ್ಭಗುಡಿ ಹಂಗೆ ತಂಪು, ಕತ್ತಲೆ. ನಮ್ಮ ಕಡೆ ಕಾಡು ಅಂದ್ರೆ ಬೇಸಗೇಲಿ ಎಲೆ ಉದುರಿಸಿ ನಿಲ್ಲೋ ಮರ, ಲಂಟಾನ, ಆನೆ ಲದ್ದಿ. ಇಲ್ಲಿ ಮರಗಳು ಸೊಟ್ಟಕ್ಕೆ ಬೆಳೆದು ಒಂದಕ್ಕೊಂದು ಒರಗಿದಂಗವೆ. ಕೊಂಬೆ ಕೊಂಬೆಗೂ ಪಾಚಿ, ಪಾಚಿ ಮೇಲೆ ಜರಿಗಿಡ. ಕಾಲಡಿಯ ಎಲೆಗೊಬ್ಬರ ಕೈಲಿ ಹಿಂಡಿದ್ರೆ ನೀರು ಬರ್ತದೆ. ಮಳೆ ಬಂದು ಎಷ್ಟೋ ದಿನ ಆಗಿತ್ತು, ಆದ್ರೂ ಕಲ್ಲು ಸಂದೀಲಿ ನೀರು ಜಿನುಗ್ತಿತ್ತು. ಕೆಳಗಿನ ಊರುಗಳು ಕುಡಿಯೋದು ಇದನ್ನೇ. ಈ ಮರಗಳ ಸಸಿ ಬಯಲಿನ ಹಿಮ ತಡೆಯಲ್ಲ, ದೊಡ್ಡ ಮರದ ನೆರಳಲ್ಲೇ ಹುಟ್ಟಬೇಕು. ಕಡಿದ್ರೆ ನಮ್ಮ ಕಾಲಕ್ಕೆ ವಾಪಸು ಬರೋದಲ್ಲ.

"ತಾತ, ಇದು ಯಾರ್ದು?" ಅಂದ ಮೊಮ್ಮಗ. ಸರ್ಕಾರದ್ದು ಕಣಪ್ಪ ಅಂದೆ. "ಹಂಗಾದ್ರೆ ಸರ್ಕಾರ ಕಡೀಬಹುದಾ?" ಅಂದ. ಕೂಡದು, ಕೆಳಗಿನೋರಿಗೆ ನೀರು ಬೇಕಲ್ಲ ಅಂದೆ. ಅಂದ ಮೇಲೆ ನನ್ನ ಬಾಯೇ ಒಣಗ್ತು.

ಯಾಕಂದ್ರೆ, 20 ವರ್ಷದ ಹಿಂದೆ ನಾನೇ ಎರಡು ಎಕರೆಗೆ ನೀಲಗಿರಿ ಮರ ಹಾಕ್ದೆ. ಕೂಲಿ ಬೇಡ, ಕಾವಲು ಬೇಡ. ರಾತ್ರಿಯೆಲ್ಲ ಪದ ಹಾಡ್ತಾ ಊರೂರು ತಿರುಗೋನಿಗೆ ಅದೇ ಸಲೀಸು. ಕೆಲವೇ ವರ್ಷಕ್ಕೆ ಕೆಳಗಿನ ಹೊಲದವನ ಬಾವಿ ಬತ್ತಿತು. "ನಿನ್ನ ಮರ ಕುಡೀತು" ಅಂದ ಅವನು. ನನ್ನ ಪಟ್ಟಾ, ನನ್ನ ಮರ. ಸುತ್ತ ಇಷ್ಟು ಬೋರ್‌ವೆಲ್ ಕುಡಿಯಲ್ವಾ ಅಂದೆ. ಅದು ಸುಳ್ಳಲ್ಲ. ಮರದಿಂದ ಬತ್ತಿತೋ ಬೋರಿನಿಂದ ಬತ್ತಿತೋ, ಯಾರೂ ಸಾಬೀತು ಮಾಡಕ್ಕಾಗಲ್ಲ. ಸಾಬೀತಾಗಲ್ಲ ಅಂತ ಗೊತ್ತಿದ್ದು ಧೈರ್ಯವಾಗಿ ಮಾತಾಡಿದ್ನಲ್ಲ, ತಪ್ಪು ಅಲ್ಲದೆ ಅನ್ನಿಸ್ತದೆ. ಬಡವ ಬದುಕಬೇಡವಾ ಅನ್ನೋರಿದಾರೆ. ನಾನೂ ಅವತ್ತು ಅದನ್ನೇ ಕೇಳ್ದೆ. ಅವನೂ ಬಡವನೇ ಆಗಿದ್ದ.

ಪಟ್ಟಾದಲ್ಲಿ ಮಣ್ಣಿಗೆ ಗಡಿ ಅದೆ. ಅಡಿಯ ನೀರಿಗೆ ಯಾರು ಕಲ್ಲು ನೆಟ್ಟವರೆ? ಆ ಬೆಟ್ಟದ ನೀರು ಭವಾನಿಗೆ, ನಮ್ಮದು ಸುವರ್ಣಾವತಿಗೆ, ಎರಡೂ ಸೇರೋದು ಕಾವೇರಿಗೇ. ಎರಡು ರಾಜ್ಯ ಕೋರ್ಟು ಹತ್ತಿದ್ದೂ ಇದೇ ಮಾತಿಗೆ: ಮೇಲಿನವನು, ಕೆಳಗಿನವನು. ಮೇಷ್ಟ್ರುಗಳು ಬಿಡಿಸಿ ಹೇಳ್ಲಿ, ನಾನು ಏಳನೇ ಕ್ಲಾಸು.

ಊರಿಗೆ ಬಂದು ಮರ ಮಾರ್ದೆ. ನೀಲಗಿರಿ ಕಡಿದ್ರೂ ಬುಡದಿಂದ ಚಿಗುರ್ತದೆ, ಈಗಾಗಲೇ ಸೊಂಟದೆತ್ತರ ಬಂದದೆ. ಬುಡ ಕೀಳೋಕೆ ಜೆಸಿಬಿಯವನು ಕೇಳೋ ದುಡ್ಡು ಇನ್ನೂ ಜೋಡಿಸ್ಲಿಲ್ಲ. ಹಬ್ಬಕ್ಕೆ ಮೊಮ್ಮಗ ಬರ್ತಾನೆ.