ಸಂಶಯದ ಫಲವು ಯಾರಿಗೆ ಸಲ್ಲಬೇಕು?

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರುವುದೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಅಡಿಗೆಯ ಮನೆಯಲ್ಲಿ ಹೊಗೆ ಬೆಂಕಿಗಳ ಸಾಹಚರ್ಯವನ್ನು ಕಂಡವನಿಗೆ ಬೆಟ್ಟದ ವಿಷಯದಲ್ಲಿ ಸಂಶಯವುಳಿಯದು. ಆದರೆ ಬೆಂಕಿ ಹೊತ್ತಿದ್ದುದೂ ನಿಜ, ಹೊಗೆಯೆದ್ದುದೂ ನಿಜ, ಅದನ್ನು ಉಸಿರಾಡಿದವನು ಈಗ ಉಬ್ಬಸದಿಂದ ನರಳುತ್ತಿರುವುದೂ ನಿಜವಾಗಿರುವಾಗ, ಈ ರೋಗವು ಆ ಹೊಗೆಯಿಂದಲೇ ಬಂದಿತೆನ್ನಲು ಎಷ್ಟು ಪ್ರಮಾಣ ಬೇಕು? ಪ್ರಮಾಣವು ಪೂರ್ಣವಾಗಿ ದೊರೆಯದಿದ್ದರೆ ಆ ಕೊರತೆಯ ನಷ್ಟವನ್ನು ಹೊರಬೇಕಾದವರಾರು? ಇದು ತರ್ಕದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಾಜಿ ಸೈನಿಕರು ಅಂಗವೈಕಲ್ಯದ ವೇತನಕ್ಕಾಗಿ ಹೂಡಿದ ಅಪೀಲುಗಳಲ್ಲಿ ಈ ಪ್ರಶ್ನೆಯು ಬಹುಕಾಲ ವಿಚಾರಕ್ಕೆ ಬಂದಿದೆ.

೨೦೦೧ರ ತರುವಾಯ ಆಫ್ಘಾನಿಸ್ತಾನದಲ್ಲಿಯೂ ೨೦೦೩ರ ತರುವಾಯ ಇರಾಕಿನಲ್ಲಿಯೂ ಆ ದೇಶದ ಸೈನ್ಯವು ಬೀಡುಬಿಟ್ಟಿದ್ದಾಗ, ಶಿಬಿರಗಳ ಕಸವನ್ನೆಲ್ಲ ದೊಡ್ಡ ಗುಂಡಿಗಳಲ್ಲಿ ಸುರಿದು ಸುಡುತ್ತಿದ್ದರು. ಪ್ಲಾಸ್ಟಿಕ್ಕು, ಬ್ಯಾಟರಿ, ಬಣ್ಣ, ಆಸ್ಪತ್ರೆಯ ತ್ಯಾಜ್ಯ ಮೊದಲಾದುವೆಲ್ಲ ವಿಮಾನದ ಎಣ್ಣೆಯಲ್ಲಿ ತೊಯ್ದು ಉರಿಯುತ್ತಿದ್ದುವು. ಇರಾಕಿನ ಬಲದ್ ಎಂಬ ನೆಲೆಯ ಗುಂಡಿಯು ಸುಮಾರು ಹತ್ತು ಎಕರೆ ವಿಸ್ತಾರವಾಗಿದ್ದಿತು. ಇದಲ್ಲದೆ ೨೦೦೩ನೆಯ ಜೂನ್ ತಿಂಗಳಲ್ಲಿ ಮೋಸುಲ್ ಪಟ್ಟಣಕ್ಕೆ ಸಮೀಪದ ಮಿಶ್ರಾಕಿನ ಗಂಧಕದ ಕಾರ್ಖಾನೆಗೆ ಬೆಂಕಿ ಬಿದ್ದು ವಾರಗಟ್ಟಲೆ ಉರಿಯಿತು. ಅದರ ವಿಷವಾಯುವನ್ನೂ ಸೈನಿಕರು ಕುಡಿದರು. ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ನಿಲ್ಲೆಂದ ಕಡೆ ನಿಲ್ಲುವುದೇ ಅವರ ಧರ್ಮವಾಗಿದ್ದಿತು.

ಮನೆಗೆ ಮರಳಿದ ಮೇಲೆ ಸೇವೆಯಿಂದ ರೋಗ ಬಂದಿತೆಂದು ಬೇಡುವವನು ಮೂರು ಸಂಗತಿಗಳನ್ನು ತೋರಿಸಬೇಕೆಂಬುದು ಆ ದೇಶದ ನಿಯಮ. ರೋಗವು ಈಗ ಇದೆಯೆಂಬುದು ಮೊದಲನೆಯದು. ಸೇವಾಕಾಲದಲ್ಲಿ ಅದಕ್ಕೆ ಕಾರಣವಾಗಬಲ್ಲ ಘಟನೆ ನಡೆಯಿತೆಂಬುದು ಎರಡನೆಯದು. ಇವೆರಡಕ್ಕೂ ಸಂಬಂಧವುಂಟೆಂಬುದು ಮೂರನೆಯದು. ಯಾವ ದಿನ ಯಾವ ಗುಂಡಿಯಲ್ಲಿ ಏನು ಸುಟ್ಟಿತು, ಗಾಳಿಯು ಯಾರ ಡೇರೆಯ ಕಡೆಗೆ ಬೀಸಿತು ಎಂಬುದನ್ನು ಬರೆದಿಟ್ಟವರಿಲ್ಲದ್ದರಿಂದ ಎರಡನೆಯದೇ ಕಷ್ಟ. ಮೂರನೆಯದು ಇನ್ನೂ ಕಷ್ಟ. ೨೦೨೦ರವರೆಗೆ ಈ ಹೊಗೆಯ ಸಂಬಂಧವಾದ ದರಖಾಸ್ತುಗಳಲ್ಲಿ ಮುಕ್ಕಾಲು ಪಾಲಿನಷ್ಟು ತಿರಸ್ಕೃತವಾಗಿದ್ದುವು. ತಿರಸ್ಕೃತನಾದವನಿಗೆ ಅಪೀಲು ಉಂಟು, ನಿಜ. ೨೦೧೯ರಿಂದ ಅದಕ್ಕೆ ಮೂರು ದಾರಿಗಳು: ಹೊಸ ಸಾಕ್ಷ್ಯವನ್ನು ಒದಗಿಸುವುದು, ಮೇಲಿನ ಅಧಿಕಾರಿಯಿಂದ ಪುನರ್ವಿಮರ್ಶೆಯನ್ನು ಕೇಳುವುದು, ಇಲ್ಲವೆ ಅಪೀಲು ಮಂಡಲಿಯ ಮುಂದೆ ಹೋಗುವುದು. ಆದರೆ ಕಾಗದಗಳು ವರ್ಷಗಟ್ಟಲೆ ಕಾದಿರಬಲ್ಲುವು. ಉಸಿರು ಹಾಗೆ ಕಾದಿರದು.

ಶರೀರವಾದರೂ ಸಾಕ್ಷಿ ಹೇಳೀತೆಂದರೆ ಅದೂ ಸುಲಭವಲ್ಲ. ಎರಡು ಮೈಲಿ ಓಟದ ಪರೀಕ್ಷೆಯಲ್ಲಿ ಸೋಲುತ್ತಿದ್ದ, ಹಿಂದೆ ದೃಢಕಾಯರಾಗಿದ್ದ ಎಂಬತ್ತು ಮಂದಿ ಸೈನಿಕರನ್ನು ಪರೀಕ್ಷಿಸಿದ ವೈದ್ಯರು ೨೦೧೧ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ೪೯ ಮಂದಿಯ ಶ್ವಾಸಕೋಶದ ತುಣುಕನ್ನು ತೆಗೆದು ನೋಡಿದಾಗ, ೩೮ ಮಂದಿಯಲ್ಲಿ ಅತಿ ಸೂಕ್ಷ್ಮವಾದ ಶ್ವಾಸನಾಳಗಳು ಕಲೆಗಟ್ಟಿ ಕಿರಿದಾಗಿರುವ ರೋಗವು ಕಂಡುಬಂದಿತು. ಅವರಲ್ಲಿ ಹಲವರು ಮಿಶ್ರಾಕಿನ ಹೊಗೆಯನ್ನು ಕುಡಿದವರು. ಆದರೆ ಅವರಲ್ಲಿ ಬಹುಮಂದಿಯ ಎದೆಯ ಎಕ್ಸ್‌ರೇ ಚಿತ್ರವು ನಿರ್ದೋಷವಾಗಿದ್ದಿತು. ಉಸಿರನ್ನು ಅಳೆಯುವ ಯಂತ್ರವೂ ಹೆಚ್ಚಿನ ದೋಷವನ್ನು ತೋರಿಸಲಿಲ್ಲ. ವೇತನದ ಪ್ರಮಾಣವನ್ನು ಗೊತ್ತುಮಾಡುವುದು ಮುಖ್ಯವಾಗಿ ಆ ಯಂತ್ರದ ಅಂಕಿಗಳೇ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಪ್ರಾಚೀನ ತಾರ್ಕಿಕರು ಇಂತಹ ಸಂದರ್ಭಕ್ಕೆ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಕಾಣದಿರುವುದರಿಂದ ಇಲ್ಲವೆಂದು ನಿಶ್ಚಯಿಸಬೇಕಾದರೆ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ದಾಖಲೆಯನ್ನೇ ಇಡದ ಕಚೇರಿಯು ದಾಖಲೆಯಿಲ್ಲವೆಂದು ನ್ಯಾಯ ಹೇಳುವುದು ತಾನೇ ದೀಪವನ್ನಾರಿಸಿ ಗಡಿಗೆಯಿಲ್ಲವೆಂದಂತೆ.

ಪೂರ್ವಪಕ್ಷವೂ ಅಲ್ಪವಾದುದಲ್ಲ. ನದಿಯು ತುಂಬಿ ಹರಿದುದರಿಂದ ಮೇಲೆ ಮಳೆಯಾಯಿತೆಂದು ಊಹಿಸುವವನಿಗೆ, ಕಟ್ಟೆಯೊಡೆದೂ ನೀರು ಬಂದಿರಬಹುದಲ್ಲವೆ ಎಂದು ಕೇಳುವಂತೆ, ಕೆಮ್ಮು ಹೊಗೆಬತ್ತಿಯಿಂದಲೂ ಮರುಭೂಮಿಯ ಧೂಳಿನಿಂದಲೂ ಬರಬಹುದಷ್ಟೆ. ಆ ದೇಶದ ವಿದ್ವನ್ಮಂಡಲಿಯೊಂದು ೨೦೨೦ರಲ್ಲಿ ಪರಿಶೀಲಿಸಿ, ದೀರ್ಘಕಾಲದ ಕೆಮ್ಮು, ಏದುಸಿರು, ಉಬ್ಬಸದ ಸದ್ದು ಎಂಬ ಲಕ್ಷಣಗಳಿಗೆ ಮಾತ್ರ ಅಲ್ಪ ಆಧಾರವುಂಟೆಂದೂ, ಹೆಚ್ಚಿನ ರೋಗಗಳ ವಿಷಯದಲ್ಲಿ ನಿರ್ಣಯಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲವೆಂದೂ ಹೇಳಿತು. ಬೊಕ್ಕಸವು ಸರ್ವರ ಸೊತ್ತು. ಕಾರಣವನ್ನು ವಿಚಾರಿಸದೆ ಕೊಡುವುದು ಅನ್ಯರ ಹಣದಿಂದ ಔದಾರ್ಯವನ್ನು ಮೆರೆದಂತೆ.

ಇದಕ್ಕೆ ಸಮಾಧಾನವುಂಟು. ಕಟ್ಟೆಯ ನೀರಿಗೂ ಮಳೆಯ ನೀರಿಗೂ ಭೇದವನ್ನು ತಿಳಿಯಬೇಕಾದರೆ ಪ್ರವಾಹದ ವೇಗ, ನೊರೆ, ತೇಲಿಬಂದ ಕಡ್ಡಿಕಸಗಳನ್ನು ನೋಡಬೇಕು. ಹಾಗೆಯೇ ಸೈನ್ಯಕ್ಕೆ ಸೇರುವಾಗ ವೈದ್ಯರಿಂದ ಆರೋಗ್ಯವಂತನೆನಿಸಿಕೊಂಡವನು ಮರಳಿದ ಮೇಲೆ ಮಹಡಿಯ ಮೆಟ್ಟಿಲನ್ನು ಹತ್ತಲಾರನೆಂಬುದೂ ಒಂದು ವಿಶೇಷ ಲಿಂಗವೇ. ಇಷ್ಟಾದರೂ ಸಂಶಯವುಳಿದರೆ ತಪ್ಪುವ ಬಗೆಗಳು ಎರಡು. ಅನರ್ಹನಿಗೆ ಕೊಟ್ಟರೆ ಬೊಕ್ಕಸಕ್ಕೆ ಅಲ್ಪ ನಷ್ಟ; ಅದು ಕೋಟ್ಯಂತರ ಜನರಲ್ಲಿ ಹಂಚಿಹೋಗುವುದು. ಅರ್ಹನಿಗೆ ನಿರಾಕರಿಸಿದರೆ ಸಮಸ್ತ ನಷ್ಟವೂ ಒಂದೇ ಮನೆಯ ಮೇಲೆ ಬೀಳುವುದು. ಸಾಕ್ಷ್ಯಗಳು ಸಮಸಮವಾಗಿ ತೂಗಿದಾಗ ಸಂಶಯದ ಫಲವು ಸೈನಿಕನಿಗೇ ಸಲ್ಲಬೇಕೆಂದು ಅಲ್ಲಿಯ ಕಾನೂನು ಮೊದಲಿನಿಂದಲೂ ಹೇಳುತ್ತ ಬಂದಿದ್ದುದು ಈ ಕಾರಣದಿಂದಲೇ. ಆದರೆ ಒಂದು ತಟ್ಟೆಗೆ ಹಾಕಲು ದಾಖಲೆಯೇ ಇಲ್ಲದಾಗ ತಕ್ಕಡಿಯು ಸಮವಾಗುವುದೆಂತು?

ಕಡೆಗೆ ೨೦೨೨ನೆಯ ಆಗಸ್ಟ್ ೧೦ರಂದು ಹೊಸ ಶಾಸನವಾಯಿತು. ೨೦೨೦ರಲ್ಲಿ ಶ್ವಾಸಕೋಶದ ಅರ್ಬುದದಿಂದ ತೀರಿಕೊಂಡ ಹೀತ್ ರಾಬಿನ್ಸನ್ ಎಂಬ ಸೈನಿಕನ ಹೆಸರನ್ನು ಅದಕ್ಕಿಟ್ಟಿದ್ದಾರೆ. ಗೊತ್ತಾದ ಕಾಲದಲ್ಲಿ ಗೊತ್ತಾದ ಸ್ಥಳದಲ್ಲಿ ಸೇವೆ ಮಾಡಿದವನಿಗೆ ಅನಂತರ ಉಬ್ಬಸ, ದೀರ್ಘಕಾಲದ ಶ್ವಾಸನಾಳದ ಉರಿಯೂತ, ಮೇಲೆ ಹೇಳಿದ ಸೂಕ್ಷ್ಮನಾಳಗಳ ರೋಗ ಮುಂತಾದುವು ಬಂದರೆ, ಸೇವೆಯೇ ಕಾರಣವೆಂದು ಭಾವಿಸತಕ್ಕದ್ದೆಂದು ಅದು ವಿಧಿಸುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯವೂ ೨೦೧೩ರಲ್ಲಿ, ಸೇರುವಾಗ ರೋಗವನ್ನು ಗುರುತುಮಾಡದಿದ್ದ ಪಕ್ಷದಲ್ಲಿ ಅದು ಸೇವೆಯಿಂದಲೇ ಬಂದಿತೆಂದು ಭಾವಿಸಬೇಕೆಂದೂ, ಅಲ್ಲವೆಂದು ತೋರಿಸುವ ಭಾರವು ಸರಕಾರದ್ದೆಂದೂ ತೀರ್ಪುಕೊಟ್ಟಿತು.

ಇದನ್ನು ದಯೆಯೆಂದು ಕರೆಯುವವರುಂಟು. ದಯೆಯು ಕೊಡುವವನ ಇಷ್ಟಕ್ಕೆ ಸೇರಿದುದು, ಋಣವು ಹಾಗಲ್ಲ. ಆಜ್ಞೆಯಿತ್ತು ಹೊಗೆಯಲ್ಲಿ ನಿಲ್ಲಿಸಿದವನು, ಆ ಹೊಗೆಯ ಲೆಕ್ಕವನ್ನು ತಾನೇ ಇಡದೆ ಹೋದವನು, ಲೆಕ್ಕವಿಲ್ಲದಿರುವುದರ ಲಾಭವನ್ನು ತಾನೇ ಪಡೆಯುವುದು ಸಾಲಗಾರನು ಪತ್ರವನ್ನು ಸುಟ್ಟು ಸಾಲವಿಲ್ಲವೆಂದಂತಾಗುವುದು. ಶಾಸನದ ಪಟ್ಟಿಗೆ ಸೇರದ ರೋಗವುಳ್ಳವರು ಈಗಲೂ ಹಳೆಯ ತಕ್ಕಡಿಯ ಮುಂದೆಯೇ ನಿಲ್ಲಬೇಕಾಗಿದೆ. ಪಟ್ಟಿಯು ಬರುವ ಮುನ್ನವೇ ಉಸಿರು ನಿಂತವರಿಗೆ ಯಾವ ಅಪೀಲೂ ಇಲ್ಲ. ಜ್ಞಾನವು ಮೌನವಾಗಿರುವಲ್ಲಿ ಧರ್ಮವೂ ಮೌನವಾಗಿರಬೇಕಾಗಿಲ್ಲವೆಂದು ತಿಳಿಯಲು ಒಂದು ರಾಷ್ಟ್ರಕ್ಕೆ ಇಪ್ಪತ್ತು ವರ್ಷ ಹಿಡಿಯಿತೆಂಬುದು ಉಳಿದ ರಾಷ್ಟ್ರಗಳು ನೆನಪಿನಲ್ಲಿಡತಕ್ಕ ಮಾತು.